ಹಿಂದೆ ಪ್ಯಾಡ್ ಇರೋ ವಿನೈಲ್ ಹಲಗೆ ಕೆಳಗೆ ಮತ್ತೆ ಫೋಮ್ ಹಾಕಿಸ್ಬೇಡಿ

ಬೆಂಗಳೂರಲ್ಲಿ ಗ್ರೌಂಡ್ ಫ್ಲೋರ್ ಮನೆಗೆ ಎಸ್‌ಪಿಸಿ (ಕಲ್ಲಿನ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಗಟ್ಟಿ ಹಲಗೆ) ವಿನೈಲ್ ಫ್ಲೋರಿಂಗ್ ಹಾಕಿಸೋಕೆ ಹೊರಟಿರೋರು ಅಡ್ವಾನ್ಸ್ ಕೊಡೋಕೆ ಮುಂಚೆ ಇದನ್ನ ಓದಿ. ಕೊಟೇಶನ್‌ನಲ್ಲಿ "ಅಂಡರ್‌ಲೇ 3 ಎಂಎಂ" ಅಂತ ಒಂದು ಸಾಲು ಇರತ್ತೆ, ಅಂದ್ರೆ ಹಲಗೆ ಕೆಳಗೆ ಹಾಸೋ ಪದರ, ಚದರಡಿ ಲೆಕ್ಕದಲ್ಲಿ ಬೇರೆ ದುಡ್ಡು. ಅದು ಟಿವಿ, ಫ್ರಿಜ್ ಸುತ್ತಿಕೊಂಡು ಬರೋ ಬಿಳಿ ಇಪಿಇ ಫೋಮು, ಇನ್ನೇನೂ ಅಲ್ಲ. ನಮ್ಮ ಹಾಲಿಗೆ ಅದನ್ನೇ ಹಾಸಿ ಹೋದ್ರು. ಒಂದು ಮಳೆಗಾಲ ಕಳೆಯೋದ್ರೊಳಗೆ ಸೋಫಾ ಮುಂದೆ ಜಾಯಿಂಟ್‌ಗಳು ಬಾಯಿ ಬಿಟ್ಟಿವೆ, ಕಾಲಿಟ್ರೆ ಟಕ್ ಅನ್ನತ್ತೆ, ಮೂಲೆಯಲ್ಲಿ ಮುಗ್ಗಲು ವಾಸನೆ.

ಸ್ಕರ್ಟಿಂಗ್ ಕಿತ್ತು ಹಲಗೆ ಎತ್ತಿಸಿ ತಿರುಗಿಸಿದ್ರೆ, ಹಿಂಬದಿಗೆ ಕಪ್ಪು ಐಎಕ್ಸ್‌ಪಿಇ (ಒತ್ತಾದ ಗಟ್ಟಿ ಫೋಮು) ಪ್ಯಾಡು, ಸುಮಾರು 1 ಎಂಎಂ, ಫ್ಯಾಕ್ಟರಿಯಲ್ಲೇ ಅಂಟಿಸಿ ಬಂದಿರೋದು! ಅಂದ್ರೆ ಅಂಡರ್‌ಲೇ ಹಲಗೆ ರೇಟಲ್ಲೇ ಬಂದಾಗಿತ್ತು. ಅದರ ಮೇಲೆ ಇನ್ನೊಂದನ್ನ ಮಾರಿದಾರೆ. ಬಾಕ್ಸ್ ಒಳಗಿನ ಹಾಳೆಯಲ್ಲಿ ಸ್ಪಷ್ಟವಾಗಿದೆ: ಪ್ಯಾಡ್ ಇರೋ ಹಲಗೆಗೆ ಎರಡನೇ ಅಂಡರ್‌ಲೇ ಹಾಕಬಾರದು, ಹಾಕಿದ್ರೆ ವಾರಂಟಿ ಇಲ್ಲ. ದಿನಾ ಇದನ್ನೇ ಮಾರೋ ಅಂಗಡಿಗೆ ಇದು ಗೊತ್ತಿರಲಿಲ್ವಂತೆ. ನಂಬೋ ಮಾತಾ?

ಫೋನ್ ಮಾಡಿದ್ರೆ ಮೊದಲ ಉತ್ತರ: "ಸಾರ್, ಎಲ್ಲಾ ಕಡೆ ಹೀಗೇ ಹಾಕೋದು, ಕಾಲಿಗೆ ಮೆತ್ತಗಿರತ್ತೆ." ಆ ಮೆತ್ತಗಿರೋದೇ ರೋಗ. ಈ ಹಲಗೆಗಳು ಒಂದರ ಅಂಚಿನ ನಾಲಿಗೆ ಇನ್ನೊಂದರ ಗಾಡಿಯಲ್ಲಿ ಕ್ಲಿಕ್ ಅಂತ ಕೂತು ಲಾಕ್ ಆಗತ್ತೆ, ಆ ನಾಲಿಗೆ ಬಹಳ ತೆಳು. ಕಾಲಿಟ್ಟಾಗ ಕೆಳಗಿನ ಫೋಮ್ ಕುಸಿದು ಒಂದು ಹಲಗೆ ಕೆಳಗಿಳಿಯತ್ತೆ, ಪಕ್ಕದ್ದು ಮೇಲೇ ಇರತ್ತೆ. ದಿನವಿಡೀ ಹೀಗೆ ಬಾಗಿ ಬಾಗಿ ನಾಲಿಗೆ ಮುರಿಯತ್ತೆ. ಒಮ್ಮೆ ಮುರಿದ ಲಾಕನ್ನ ಅಂಟು ಹಾಕಿ ಸರಿ ಮಾಡಕ್ಕಾಗಲ್ಲ, ಆ ಹಲಗೆಯನ್ನೇ ಬದಲಾಯಿಸಬೇಕು. ಸೋಫಾ ಕಾಲಿನ ಕೆಳಗೆ 3 ಎಂಎಂ ಫೋಮು ಹಪ್ಪಳದಷ್ಟಾಗಿದೆ, ಸೋಫಾ ತೆಗೆದ್ರೂ ಮೇಲೆದ್ದಿಲ್ಲ.

ಎರಡನೇ ಉತ್ತರ: "ನೆಲ ಸ್ವಲ್ಪ ಏರುಪೇರಿತ್ತು, ಫೋಮ್ ಅದನ್ನ ನುಂಗ್ಕೊಳ್ಳಲಿ ಅಂತ ಹಾಕಿದ್ವಿ." ಯಾವ ಫೋಮೂ ತಗ್ಗನ್ನ ತುಂಬಲ್ಲ, ಮುಚ್ಚಿಡತ್ತೆ ಅಷ್ಟೆ. ಗಾರೆಯವರ ಹತ್ತಡಿ ಅಲ್ಯೂಮಿನಿಯಂ ಪಟ್ಟಿ ಇಡಿಸಿ. ಕೆಳಗೆ 5 ಎಂಎಂಗಿಂತ ಜಾಸ್ತಿ ಸಂದು ಕಂಡ್ರೆ ಉಬ್ಬನ್ನ ಗ್ರೈಂಡ್ ಮಾಡಿಸಿ, ತಗ್ಗಿಗೆ ಸೆಲ್ಫ್ ಲೆವೆಲಿಂಗ್ ಕಾಂಪೌಂಡ್ (ಸುರಿದ್ರೆ ತಾನೇ ಸಮ ಆಗೋ ಸಿಮೆಂಟ್ ಮಿಶ್ರಣ) ಹಾಕಿಸಿ. ನಮ್ಮ ಮನೆಗೆ ಬಂದ ಕೆಲಸದವರು ಆ ಪಟ್ಟಿ ತಂದೇ ಇರಲಿಲ್ಲ.

ತೇವದ ವಿಷಯ ಕೆಲಸ ಶುರು ಆಗೋ ಮುಂಚೆಯೇ ಕೇಳಿದ್ದೆ. "ಹಲಗೆನೂ ವಾಟರ್‌ಪ್ರೂಫ್, ಫೋಮೂ ವಾಟರ್‌ಪ್ರೂಫ್, ನೀವು ಆರಾಮಾಗಿರಿ ಸಾರ್" ಅಂದ್ರು. ಎಸ್‌ಪಿಸಿ ನೀರಿಗೆ ಉಬ್ಬಲ್ಲ, ನಿಜ. ಆದರೆ ಕಾಂಕ್ರೀಟಿನಿಂದ ಮೇಲೆ ಬರೋ ತೇವ ಅದರ ಕೆಳಗೆ ಸಿಕ್ಕಿಹಾಕ್ಕೊಂಡು ಬೂಸ್ಟು ಹಿಡಿಯತ್ತೆ. ಫೋಮ್ ತುಂಡುಗಳನ್ನ ಪಕ್ಕಪಕ್ಕ ಇಟ್ಟಿದ್ರು, ಒಂದಕ್ಕೂ ಟೇಪಿಲ್ಲ. ಸಿಮೆಂಟಿನ ಮೇಲೆ ಆ ಸಂದುಗಳ ಉದ್ದಕ್ಕೂ ಬಿಳಿ ಉಪ್ಪಿನ ಗೆರೆ, ಅಕ್ಕಪಕ್ಕ ಕಪ್ಪು.

ಕಾಂಕ್ರೀಟ್ ಮೇಲೆ ಬೇಕಾಗಿರೋದು ಗಟ್ಟಿ ಪಾಲಿಥೀನ್ ಶೀಟು, 150 ಮೈಕ್ರಾನ್, ಅಂಗಡೀಲಿ 600 ಗೇಜ್ ಅಂದ್ರೆ ಗೊತ್ತಾಗತ್ತೆ. ಮುಟ್ಟಿದ್ರೆ ಪರಪರ ಅನ್ನೋ ತೆಳು ಶೀಟ್ ಕೊಟ್ರೆ ವಾಪಸ್ ಕಳಿಸಿ. ಒಂದರ ಮೇಲೊಂದು 6ರಿಂದ 8 ಇಂಚು ಬರಬೇಕು, ಜೋಡಣೆ ಪೂರ್ತಿ ಟೇಪು, ಗೋಡೆ ಪಕ್ಕ ಎರಡಿಂಚು ಮೇಲಕ್ಕೆ ಮಡಿಸಿ ಸ್ಕರ್ಟಿಂಗ್ ಹಿಂದೆ. ನೆಲದ ಅಳತೆಗಿಂತ ಶೇ 15 ಜಾಸ್ತಿ ತಗೊಳ್ಳಿ. ಇದೂ ಬಾಕ್ಸ್ ಹಾಳೆ ನೋಡಿಯೇ, ಕೆಲವು ಕಂಪನಿಯವರು ಯಾವ ಶೀಟ್ ಅಂತಲೂ ಬರೆದಿರ್ತಾರೆ. ಹಲಗೆ ಹಿಂದೆ ಪ್ಯಾಡ್ ಇಲ್ಲದಿದ್ರೆ ಮಾತ್ರ ಬೇರೆ ಅಂಡರ್‌ಲೇ: 1ರಿಂದ 1.5 ಎಂಎಂ, ಗಟ್ಟಿಯಾದದ್ದು, ಪ್ಯಾಕೆಟ್ ಮೇಲೆ ಎಲ್‌ವಿಟಿ (ವಿನೈಲ್ ಟೈಲ್) ಅಥವಾ ಎಸ್‌ಪಿಸಿಗೆ ಅಂತ ಬರೆದಿರಬೇಕು. ನೆಲಕ್ಕೆ ಅಂಟಿಸೋ ವಿನೈಲಾದ್ರೆ ಅಂಡರ್‌ಲೇನೂ ಬೇಡ, ಶೀಟೂ ಬೇಡ, ಆದರೆ ನೆಲ ಪೂರ್ತಿ ಒಣಗಿರಲೇಬೇಕು.

ಒಣಗಿದೆಯಾ ಅಂತ ನೋಡೋದು ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ಕನ್ನ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ಎತ್ತಿ. ಒಳಗೆ ನೀರ ಹನಿ ಇದ್ರೆ, ಅಥವಾ ಸಿಮೆಂಟ್ ಕಪ್ಪಗಾಗಿದ್ರೆ ಕೆಲಸ ನಿಲ್ಲಿಸಿ. ಏನೂ ಕಾಣಲಿಲ್ಲ ಅಂದ ಮಾತ್ರಕ್ಕೆ ಒಳಗೆಲ್ಲ ಒಣಗಿದೆ ಅಂತಲ್ಲ, ಹೊಸ ಗಾರೆ ಆಗಿದ್ರೆ ಇಂಚಿಗೆ ಒಂದು ತಿಂಗಳಾದ್ರೂ ಬಿಡಿ, ಮಳೇಲಿ ಇನ್ನೂ ಜಾಸ್ತಿ.

"ನೀವು ನೆಲ ಒರೆಸುವಾಗ ನೀರು ಜಾಸ್ತಿ ಹಾಕಿದೀರ" ಅನ್ನೋದು ಮೂರನೇ ಉತ್ತರ. ನಿಮಗೂ ಇದನ್ನೇ ಹೇಳ್ತಾರೆ, ಹಾಗಾಗಿ ಹಾಸೋ ಮುಂಚಿನ ನೆಲ, ಹಲಗೆಯ ಹಿಂಬದಿ, ಬಾಕ್ಸ್ ಹಾಳೆ ಎಲ್ಲದರ ಫೋಟೋ ಇಟ್ಕೊಳ್ಳಿ. ಖಾಲಿ ಬಾಕ್ಸ್‌ಗಳನ್ನ ಕೆಲಸದವರು ಸಂಜೆಗೇ ಹೊತ್ಕೊಂಡು ಹೋಗ್ತಾರೆ, ಬಿಡಬೇಡಿ.

ಈಗ ಅವರ ಕೊನೆಯ ಆಫರ್ ಬಂದಿದೆ: ಎಲ್ಲ ಕಿತ್ತು ಮತ್ತೆ ಹಾಸಿ ಕೊಡ್ತಾರಂತೆ, ಕೂಲಿ ನಮ್ಮದು, 3 ಎಂಎಂ ಬದಲು "ಒಳ್ಳೆ ಕ್ವಾಲಿಟಿ" 2 ಎಂಎಂ ಫೋಮು, ಅದಕ್ಕೆ ಡಿಸ್ಕೌಂಟು.