ವಾರಾಂತ್ಯದ ವಿಮಾನ ಮೇಷ್ಟ್ರು: ಶಾಲೆಯೋ, ಕ್ಲಬ್ಬೋ, ಸ್ವತಂತ್ರವೋ?

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ, ವಾರವೆಲ್ಲ ಸಾಫ್ಟ್‌ವೇರ್, ಶನಿವಾರ-ಭಾನುವಾರ ವಿಮಾನ ಪಾಠ ಅಂತ ಇರುವವರು ಸಾಕಷ್ಟು ಜನ ಇದ್ದಾರೆ. ನಾನೂ ಅವರಲ್ಲೊಬ್ಬ. ಇನ್‌ಸ್ಟ್ರಕ್ಟರ್ ಸರ್ಟಿಫಿಕೇಟ್, ಅಂದರೆ ಇಲ್ಲಿಯವರು ಸಿಎಫ್‌ಐ ಅನ್ನುವುದು, ಕೈಗೆ ಬಂದ ಮೇಲೆ ಮೂರು ಕಡೆ ಕೆಲಸ ಮಾಡಿ ನೋಡಿದ್ದೇನೆ: ದೊಡ್ಡ ತರಬೇತಿ ಶಾಲೆ, ಫ್ಲೈಯಿಂಗ್ ಕ್ಲಬ್, ಆಮೇಲೆ ಸ್ವಂತ ವಿಮಾನ ಇಟ್ಟುಕೊಂಡವರ ಹ್ಯಾಂಗರಿಗೇ ಹೋಗಿ ಕಲಿಸುವ ಸ್ವತಂತ್ರ ಕೆಲಸ. ಗಂಟೆಗೆ ಎಷ್ಟು ಸಿಗುತ್ತೆ ಅಂತಲೇ ಎಲ್ಲರೂ ಮೊದಲು ಕೇಳೋದು. ಬೇರೆ ನೌಕರಿ ಇರುವವನಿಗೆ ಅದು ಮೂರನೇ ಪ್ರಶ್ನೆ. ಮೊದಲನೆಯದು ಕ್ಯಾಲೆಂಡರ್ ಯಾರ ಕೈಯಲ್ಲಿದೆ ಅನ್ನುವುದು, ಎರಡನೆಯದು ವಿಮೆ ಯಾರ ತಲೆ ಮೇಲಿದೆ ಅನ್ನುವುದು.

ಹೋಲಿಕೆಗೆ ಮುಂಚೆ ವೀಸಾ ಮಾತು ಮುಗಿಸಿಬಿಡುತ್ತೇನೆ. ಕನ್ನಡ ಕೂಟದ ಊಟದ ಸಾಲಿನಲ್ಲಿ ಹಾಸನದ ಹುಡುಗನೊಬ್ಬ ಹಿಡಿದುಕೊಂಡ. "ಸಾರ್, ನಂದೂ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಆಯ್ತು. ಸಿಎಫ್‌ಐ ಮಾಡ್ಕೊಂಡು ವೀಕೆಂಡಲ್ಲಿ ಕಲಿಸ್ಲಾ?"

"ವೀಸಾ ಯಾವ್ದಪ್ಪ?"

"ಎಚ್-1ಬಿ."

"ಹಂಗಾದ್ರೆ ಕಲಿ, ಕಲಿಸ್ಬೇಡ."

ಎಚ್-1ಬಿಯಲ್ಲಿ ಅರ್ಜಿ ಹಾಕಿದ ಕಂಪನಿಗೆ ಮಾತ್ರ ದುಡಿಯಬಹುದು. ಎರಡನೇ ಕಡೆ ದುಡಿಯಬೇಕೆಂದರೆ ಅವರೂ ಪ್ರತ್ಯೇಕ ಅರ್ಜಿ ಹಾಕಬೇಕು. ವಾರಕ್ಕೆ ನಾಲ್ಕು ಗಂಟೆ ಪಾಠಕ್ಕೆ ಯಾವ ಶಾಲೆ ವಕೀಲರ ಫೀಸು ಕಟ್ಟೀತು? ಗ್ರೀನ್ ಕಾರ್ಡ್ ಇದ್ದರೆ, ಅಥವಾ ಗಂಡ-ಹೆಂಡತಿಯ ಎಚ್-1ಬಿ ಮೇಲೆ ಸಿಗುವ ಎಚ್-4 ಜೊತೆ ಕೆಲಸದ ಪರವಾನಗಿ ಇದ್ದರೆ ತೊಂದರೆಯಿಲ್ಲ. ದುಡ್ಡು ತೆಗೆದುಕೊಳ್ಳದೆ ಕಲಿಸುತ್ತೇನೆ ಅನ್ನುವವರು ಇನ್‌ಸ್ಟ್ರಕ್ಟರನ್ನಲ್ಲ, ಇಮಿಗ್ರೇಶನ್ ವಕೀಲರನ್ನು ಕೇಳಿ. ಹಾಗೇ ಕಂಪನಿಯ ಎಚ್‌ಆರ್‌ಗೂ ಒಂದು ಇಮೇಲ್ ಹಾಕಿ. ಹೊರಗಿನ ಕೆಲಸದ ಬಗ್ಗೆ ಮೊದಲೇ ತಿಳಿಸಬೇಕು ಅನ್ನುವ ಸಾಲು ಬಹಳಷ್ಟು ಆಫರ್ ಲೆಟರ್‌ಗಳಲ್ಲಿ ಇರುತ್ತೆ.

ಈಗ ಶಾಲೆ. ನಾನಿದ್ದದ್ದು ಪಾರ್ಟ್ 141 ಶಾಲೆ, ಅಂದರೆ ಪಠ್ಯಕ್ರಮವನ್ನು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಒಪ್ಪಿರಬೇಕು. ಪ್ರೈವೇಟ್ ಪೈಲಟ್ ಪರೀಕ್ಷೆಗೆ ಅಲ್ಲಿ ಕನಿಷ್ಠ 35 ಗಂಟೆ ಸಾಕು, ಅಂಥ ಒಪ್ಪಿಗೆಯ ಪಠ್ಯಕ್ರಮವಿಲ್ಲದೆ ಕಲಿಸುವ ಪಾರ್ಟ್ 61ರಲ್ಲಿ 40 ಬೇಕು. ವಾಸ್ತವದಲ್ಲಿ ಎರಡೂ ಕಡೆ ಹೆಚ್ಚಿನವರಿಗೆ ಅದಕ್ಕಿಂತ ಎಷ್ಟೋ ಜಾಸ್ತಿ ಹಿಡಿಯುತ್ತೆ, ಆ ಐದು ಗಂಟೆ ಉಳಿತಾಯವನ್ನು ಯಾರೂ ನಂಬಬೇಡಿ. ಶಾಲೆಯ ನಿಜವಾದ ಲಾಭ ಬೇರೆ. ಚೀಫ್ ಇನ್‌ಸ್ಟ್ರಕ್ಟರ್ ವರ್ಷಕ್ಕೊಮ್ಮೆ ನಿಮ್ಮನ್ನೂ ಕೂರಿಸಿಕೊಂಡು ಹಾರಿ ಪರೀಕ್ಷೆ ಮಾಡುತ್ತಾರೆ. ನಿಮ್ಮ ವಿದ್ಯಾರ್ಥಿಯನ್ನು ಹಂತಹಂತಕ್ಕೆ ಬೇರೆಯವರು ತಪಾಸಣೆ ಮಾಡುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳ ಲ್ಯಾಂಡಿಂಗ್ ಎಷ್ಟು ವಾರವಾದರೂ ಕುಪ್ಪಳಿಸುತ್ತಲೇ ಇತ್ತು. ಹಿರಿಯ ಇನ್‌ಸ್ಟ್ರಕ್ಟರ್ ಒಂದೇ ಸುತ್ತು ಅವಳ ಜೊತೆ ಹಾರಿ ಬಂದು, "ನೆಲ ಹತ್ತಿರವಾಗುತ್ತಿದ್ದ ಹಾಗೆ ಅವಳ ಕಣ್ಣು ರನ್‌ವೇಯ ಆ ತುದಿಗೆ ಹೋಗುತ್ತಿಲ್ಲ, ವಿಮಾನದ ಮೂಗಿನ ಮುಂದೆಯೇ ನಿಂತಿದೆ" ಅಂದರು. ಮುಂದಿನ ಪಾಠದಲ್ಲಿ ಕಣ್ಣು ಎತ್ತಿಸಿದೆ, ಕುಪ್ಪಳಿಸುವುದು ನಿಂತಿತು. ಹೊಸ ಇನ್‌ಸ್ಟ್ರಕ್ಟರಿಗೆ ಇಂಥ ಎರಡನೇ ಜೋಡಿ ಕಣ್ಣು ಮತ್ತೆಲ್ಲೂ ಪುಕ್ಕಟೆ ಸಿಗುವುದಿಲ್ಲ.

ಆದರೆ ಕ್ಯಾಲೆಂಡರ್ ಶಾಲೆಯದು. ಕಾರಣ ಗೊತ್ತಾದರೆ ಸಿಟ್ಟು ಬರುವುದಿಲ್ಲ. 2009ರ ಫೆಬ್ರವರಿಯಲ್ಲಿ ಬಫಲೋ ಹತ್ತಿರ ಕೋಲ್ಗನ್ ಏರ್ 3407 ಬಿದ್ದು 50 ಜನ ಸತ್ತ ಮೇಲೆ ಅಮೆರಿಕದ ಕಾಂಗ್ರೆಸ್ ಕಾನೂನು ಬದಲಿಸಿತು. 2013ರಿಂದ ಏರ್‌ಲೈನ್‌ನ ಕೋ-ಪೈಲಟ್ ಆಗುವುದಕ್ಕೂ ಸಾಮಾನ್ಯವಾಗಿ 1,500 ಗಂಟೆ ಹಾರಾಟ ಬೇಕು. ಕಮರ್ಷಿಯಲ್ ಲೈಸೆನ್ಸ್ ಸಿಗುವುದು 250 ಗಂಟೆಗೆ. ನಡುವಿನ ಆ ಸಾವಿರದ ಚಿಲ್ಲರೆ ಗಂಟೆಯನ್ನು ಬಹಳಷ್ಟು ಹುಡುಗರು ಕಲಿಸಿಯೇ ತುಂಬಿಸಿಕೊಳ್ಳುತ್ತಾರೆ. ಹಾಗಾಗಿ ಶಾಲೆಯ ತುಂಬ ಹಗಲೂ ರಾತ್ರಿ ಹಾರಲು ತಯಾರಿರುವ ಇಪ್ಪತ್ಮೂರು-ಇಪ್ಪತ್ನಾಲ್ಕರ ಹುಡುಗರು. ಶನಿವಾರ ಮಧ್ಯಾಹ್ನದ ಒಳ್ಳೆಯ ಸ್ಲಾಟ್ ಅವರಿಗೆ, ಬೆಳಗಿನ ಏಳರದ್ದು ನನಗೆ. ಬೇಸಿಗೆಯಲ್ಲಿ ಇಲ್ಲಿ ಬೆಳಗಿನ ಏಳು ಅಂದರೆ ಸಮುದ್ರದ ಕಡೆಯಿಂದ ಬಂದ ಮೋಡ ಕೆಳಗೇ ಹಾಸಿಕೊಂಡಿರುತ್ತೆ, ಹತ್ತು-ಹನ್ನೊಂದರವರೆಗೆ ಹೊಸಬರನ್ನು ಕರೆದುಕೊಂಡು ಹಾರುವ ಹಾಗಿಲ್ಲ. ಪಾಠ ರದ್ದಾದರೆ ದುಡ್ಡಿಲ್ಲ.

ದುಡ್ಡಿನ ಲೆಕ್ಕವೂ ಸ್ವಲ್ಪ ವಿಚಿತ್ರ. ನನಗೆ ಅಲ್ಲಿ ಗಂಟೆಗೆ 40 ಡಾಲರಿಗಿಂತ ಕಡಿಮೆ ಕೊಡುತ್ತಿದ್ದರು, ಅದೂ ಎಂಜಿನ್ ಚಾಲೂ ಇದ್ದಷ್ಟು ಹೊತ್ತು ಮಾತ್ರ ಓಡುವ ಹಾಬ್ಸ್ ಮೀಟರಿನ ಪ್ರಕಾರ. ಎರಡು ಗಂಟೆಯ ಸ್ಲಾಟಿನಲ್ಲಿ ಮೀಟರ್ ಓಡುವುದು 1.2, 1.3. ಮುಂಚಿನ ವಿವರಣೆ, ಆಮೇಲಿನ ಚರ್ಚೆ, ಲಾಗ್‌ಬುಕ್ ಬರೆಯುವುದು ಎಲ್ಲ ಧರ್ಮಕ್ಕೆ. ಒಂದು ಅನುಕೂಲವನ್ನೂ ಹೇಳಬೇಕು: ಸಂಬಳಪಟ್ಟಿಯಲ್ಲಿ ಹೆಸರಿತ್ತು, ತೆರಿಗೆ ಅವರೇ ಹಿಡಿಯುತ್ತಿದ್ದರು, ವಿಮೆ ಅವರದೇ. ಕ್ಯಾಲಿಫೋರ್ನಿಯಾದಲ್ಲಿ ಇದು ಶಾಲೆಯ ದೊಡ್ಡತನವೇನಲ್ಲ. 2020ರ ಜನವರಿಯಿಂದ ಜಾರಿಯಲ್ಲಿರುವ ಎಬಿ5 ಕಾನೂನಿನ ಪ್ರಕಾರ, ಸಂಸ್ಥೆಯ ಮುಖ್ಯ ವ್ಯವಹಾರ ಯಾವುದೋ ಅದೇ ಕೆಲಸ ಮಾಡುವವನನ್ನು ಗುತ್ತಿಗೆಯವನು ಅಂತ ತೋರಿಸುವುದು ಕಷ್ಟ. ಕಲಿಸುವುದೇ ಶಾಲೆಯ ವ್ಯಾಪಾರ, ಕಲಿಸುವವನು ನೌಕರನೇ.

ಕ್ಲಬ್ಬಿನ ಲೆಕ್ಕಾಚಾರ ಇದಕ್ಕೆ ಉಲ್ಟಾ. ಕ್ಲಬ್ ವಿಮಾನ ಬಾಡಿಗೆಗೆ ಕೊಡುತ್ತೆ, ಸದಸ್ಯರು ತಮಗೆ ಹೊಂದುವ ಇನ್‌ಸ್ಟ್ರಕ್ಟರನ್ನು ಆರಿಸಿಕೊಳ್ಳುತ್ತಾರೆ. ರೇಟು ನನ್ನದು, ವೇಳೆ ನನ್ನದು. ಗಂಟೆಗೆ 90 ಡಾಲರ್ ಅಂತ ಇಟ್ಟೆ, ಮೀಟರಿಗಲ್ಲ, ನಾನು ಅಲ್ಲಿ ಕೂತ ಹೊತ್ತಿಗೆ. ಯಾರೂ ಚೌಕಾಸಿ ಮಾಡಲಿಲ್ಲ. ವಿಮಾನದ ಗಂಟೆಯ ಬಾಡಿಗೆ ನೋಡಿದ ಮೇಲೆ ಇನ್‌ಸ್ಟ್ರಕ್ಟರಿನ ಫೀಸು ಯಾರಿಗೂ ದೊಡ್ಡದಾಗಿ ಕಾಣುವುದಿಲ್ಲ.

ಮೊದಲ ಕೆಲವು ತಿಂಗಳು ನೊಣ ಹೊಡೆಯುವ ಕೆಲಸ. ವೆಬ್‌ಸೈಟಿನ ಪಟ್ಟಿಯಲ್ಲಿ ನಮ್ಮ ಫೋಟೋ ಹಾಕಿದ ಮಾತ್ರಕ್ಕೆ ಯಾರೂ ಬರುವುದಿಲ್ಲ. ಕೌಂಟರಿನಲ್ಲಿ ಕೂತು ಕೀಲಿ ಕೊಡುವವರಿದ್ದಾರಲ್ಲ, ಹೊಸ ಸದಸ್ಯ "ಯಾರ ಹತ್ತಿರ ಕಲಿಯಲಿ?" ಅಂತ ಕೇಳುವುದು ಅವರನ್ನೇ. ಹೇಳಿದ ವೇಳೆಗೆ ಬರುವವನು, ವಿಮಾನ ಬಿಟ್ಟು ಹೋಗುವಾಗ ಸೀಟ್‌ಬೆಲ್ಟ್ ಮಡಿಸಿ, ಎಣ್ಣೆ ಎಷ್ಟು ಹಾಕಿದೆ ಅಂತ ಬರೆದಿಟ್ಟು ಹೋಗುವವನು ಅವರ ನೆನಪಿನಲ್ಲಿ ಉಳಿಯುತ್ತಾನೆ. ನನಗೆ ಬಂದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಆ ಕೌಂಟರಿನ ಮೂಲಕವೇ ಬಂತು.

ಕ್ಲಬ್ಬಿನಲ್ಲೇ ನನಗೆ ಸ್ಪಷ್ಟವಾದ ಒಂದು ಅಭಿಪ್ರಾಯ ಹುಟ್ಟಿತು, ಇದನ್ನು ಒಪ್ಪದವರು ಬಹಳ ಜನ ಇದ್ದಾರೆ: ವಾರಾಂತ್ಯಕ್ಕೆ ಮಾತ್ರ ಸಿಗುವ ಇನ್‌ಸ್ಟ್ರಕ್ಟರ್ ಸೊನ್ನೆಯಿಂದ ಶುರು ಮಾಡುವ ವಿದ್ಯಾರ್ಥಿಯನ್ನು ಒಬ್ಬನೇ ತೆಗೆದುಕೊಳ್ಳಬಾರದು. ಒಂದು ಶನಿವಾರ ಮೋಡ, ಇನ್ನೊಂದು ಶನಿವಾರ ವಿಮಾನ ರಿಪೇರಿಗೆ, ಮತ್ತೊಂದಕ್ಕೆ ಅವರ ಮನೆಯಲ್ಲಿ ಹುಟ್ಟುಹಬ್ಬ. ಕೊನೆಗೆ ಹದಿನೈದು ಇಪ್ಪತ್ತು ದಿನಕ್ಕೊಂದು ಪಾಠ. ಆ ಅಂತರದಲ್ಲಿ ಲ್ಯಾಂಡಿಂಗ್ ಕಲಿಸುವುದು ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ಅವರ ದುಡ್ಡು ಖರ್ಚಾಗುತ್ತಲೇ ಇರುತ್ತೆ, ಒಬ್ಬರೇ ಹಾರುವ ಸೋಲೋ ದೂರವೇ ಉಳಿಯುತ್ತೆ. ಪಾಲೋ ಆಲ್ಟೋದಂಥ ಕಡೆ ಇದು ಇನ್ನೂ ಕಷ್ಟ. ಇರುವುದು 2,443 ಅಡಿಯ ಒಂದೇ ರನ್‌ವೇ, ತಲೆಯ ಮೇಲೆ ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟಿನ ಕ್ಲಾಸ್ ಬಿ, ಅಂದರೆ ಅನುಮತಿಯಿಲ್ಲದೆ ನುಗ್ಗಬಾರದ ಆಕಾಶ, ಟವರಿನವರ ಮಾತು ಬುಲೆಟ್ ವೇಗ. ಪ್ರತಿ ಸಲ ರೇಡಿಯೋ ಭಯ ಬಿಡಿಸುವುದಕ್ಕೇ ಅರ್ಧ ಗಂಟೆ ಹೋಗುತ್ತೆ.

ಹಾಗಂತ ಹೊಸಬರನ್ನು ಪೂರ್ತಿ ಬಿಟ್ಟಿಲ್ಲ. ವಾರದ ದಿನಗಳಲ್ಲಿ ಸಿಗುವ ಇನ್ನೊಬ್ಬ ಇನ್‌ಸ್ಟ್ರಕ್ಟರ್ ಜೊತೆ ಹಂಚಿಕೊಂಡು ಕಲಿಸುತ್ತೇನೆ. ಇಬ್ಬರಿಗೂ ಒಂದೇ ಪಠ್ಯಪಟ್ಟಿ, ಪ್ರತಿ ಪಾಠದ ಕೊನೆಗೆ ಮೂರು ಸಾಲಿನ ಟಿಪ್ಪಣಿ. ಮಿಕ್ಕಂತೆ ಅರೆಕಾಲಿಕನಿಗೆ ಹೇಳಿ ಮಾಡಿಸಿದ ಕೆಲಸ ಬೇರೆಯಿದೆ: ಪ್ರತಿ ಪೈಲಟ್ ಎರಡು ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬೇಕಾದ ಫ್ಲೈಟ್ ರಿವ್ಯೂ, ಕ್ಲಬ್ಬಿನ ಹೊಸ ವಿಮಾನವನ್ನು ಸದಸ್ಯರ ಕೈಗೆ ಕೊಡುವ ಮುಂಚಿನ ಚೆಕ್‌ಔಟ್, ಹೊರಗೇನೂ ಕಾಣದಾಗ ಉಪಕರಣ ನೋಡಿಕೊಂಡೇ ಹಾರುವ ಇನ್‌ಸ್ಟ್ರುಮೆಂಟ್ ತರಬೇತಿ. ಇನ್‌ಸ್ಟ್ರುಮೆಂಟ್ ಕಲಿಯುವವರಿಗೆ ಶಾಲೆಯವರು ಬೇಡವೆಂದ ಆ ಬೆಳಗಿನ ಮೋಡವೇ ಪಾಠ. ಮಳೆ-ಗಾಳಿ ಜೋರಾದ ದಿನ ಸಿಮ್ಯುಲೇಟರ್ ಇದೆ, ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ಬೇಕಾದ 40 ಗಂಟೆಯಲ್ಲಿ ಸುಧಾರಿತ ದರ್ಜೆಯ ಯಂತ್ರದ ಮೇಲೆ 20 ಗಂಟೆವರೆಗೆ ಲೆಕ್ಕಕ್ಕೆ ಬರುತ್ತೆ. ಸಂಜೆ ಕಚೇರಿ ಮುಗಿಸಿ ಬಂದೂ ಮಾಡಿಸಬಹುದು.

ಮೂರನೆಯದು ಸ್ವತಂತ್ರ ಕೆಲಸ. ದುಡ್ಡು ಇಲ್ಲೇ ಹೆಚ್ಚು, ನಾನು ಗಂಟೆಗೆ 120 ತೆಗೆದುಕೊಂಡಿದ್ದೇನೆ. ವಿಮಾನವೂ ತರಹೇವಾರಿ. ಸಿಲಿಕಾನ್ ವ್ಯಾಲಿಯಲ್ಲಿ ಷೇರು ಮಾರಿದ ದುಡ್ಡಲ್ಲಿ ಸಿರಸ್ ಕಂಪನಿಯ ವಿಮಾನ ಕೊಳ್ಳುವವರಿದ್ದಾರೆ. ಅವರ ವಿಮಾ ಕಂಪನಿ ಬಹಳ ಸಲ ಸಿರಸ್‌ನವರೇ ಮಾನ್ಯ ಮಾಡಿದ ಇನ್‌ಸ್ಟ್ರಕ್ಟರ್ ಬೇಕು ಅನ್ನುತ್ತೆ, ಆ ತರಬೇತಿಯ ಖರ್ಚು ನಮ್ಮದು. ವರ್ಷಕ್ಕೆ ಒಬ್ಬಿಬ್ಬರು ಗಿರಾಕಿಗಾಗಿ ಅದು ಗಿಟ್ಟುವುದಿಲ್ಲ ಅಂತ ನಾನು ಮಾಡಿಸಲಿಲ್ಲ.

ಇನ್ನೊಂದು ಕಡೆ ಹಳೇ ಬೊನಾಂಝಾ ವಿಮಾನ. ಯಜಮಾನರಿಗೆ ಎಪ್ಪತ್ತು ದಾಟಿದೆ, ಫ್ಲೈಟ್ ರಿವ್ಯೂಗೆ ಕರೆದಿದ್ದರು. ಹತ್ತಿ ಕೂತೆ, ನನ್ನ ಮುಂದೆ ಸ್ಟೀರಿಂಗಿನಂಥ ಚಕ್ರವೇ ಇಲ್ಲ. ನಡುಗಂಬದಿಂದ ಒಂದೇ ತೋಳು, ಅದರ ತುದಿಗೆ ಒಂದೇ ಚಕ್ರ. ಪಿನ್ ಎಳೆದರೆ ಅವರ ಕಡೆಯಿಂದ ನನ್ನ ಕಡೆಗೆ ತಿರುಗುತ್ತೆ. ಬಲಗಡೆ ಬ್ರೇಕೂ ಇಲ್ಲ. ಇಂಥ ವಿಮಾನದಲ್ಲಿ ರಿವ್ಯೂ ಮಾಡಿಸಲು ನಿಯಮದಲ್ಲಿ ಷರತ್ತಿನ ಅವಕಾಶ ಇದೆ, ಆದರೆ ಸುರಕ್ಷಿತವೋ ಅಲ್ಲವೋ ಅನ್ನುವ ತೀರ್ಮಾನ ಇನ್‌ಸ್ಟ್ರಕ್ಟರಿನದು. ಆದ್ದರಿಂದ ಮೊದಲು ನೆಲದ ಮೇಲೇ ನಾಲ್ಕಾರು ಸಲ ಪಿನ್ ಎಳೆದು ಚಕ್ರ ಅತ್ತಿಂದಿತ್ತ ಮಾಡಿಸಿದೆ, ಗಾಳಿ ಅಡ್ಡ ಬೀಸದ ದಿನವನ್ನೇ ಆರಿಸಿದೆ. ಮುದುಕರು ನನಗಿಂತ ಚೆನ್ನಾಗಿ ಹಾರಿಸಿದರು, ಅದು ಬೇರೆ ಮಾತು.

ಸ್ವತಂತ್ರ ಕೆಲಸದ ತಲೆನೋವು ಕಾಗದದಲ್ಲಿದೆ. ಶಾಲೆ ಅಥವಾ ಕ್ಲಬ್ ಬಾಡಿಗೆಗೆ ಕೊಟ್ಟು ಕಲಿಸುವ ವಿಮಾನಕ್ಕೆ ಸಾಮಾನ್ಯವಾಗಿ 100 ಗಂಟೆಗೊಮ್ಮೆ ತಪಾಸಣೆ ಆಗುತ್ತೆ. ಮಾಲೀಕ ತನ್ನದೇ ವಿಮಾನದಲ್ಲಿ ಕಲಿಯುವಾಗ ವರ್ಷಕ್ಕೊಂದು ತಪಾಸಣೆ ಸಾಕು. ಹಾಗಾಗಿ ಹತ್ತುವ ಮುಂಚೆ ಲಾಗ್‌ಬುಕ್ ತಿರುವಿ ಹಾಕುವುದು ನನ್ನ ಕೆಲಸ. ವಿಮೆಯದು ಇನ್ನೂ ಗಂಭೀರ. "ನನ್ನ ಪಾಲಿಸಿ ಇದೆಯಲ್ಲ" ಅಂತ ಮಾಲೀಕರು ಧೈರ್ಯ ಹೇಳುತ್ತಾರೆ. ಅದು ಅವರನ್ನು ಕಾಯುತ್ತೆ, ನನ್ನನ್ನಲ್ಲ. ರೆಕ್ಕೆ ಮುರಿದರೆ ಅವರ ಕಂಪನಿ ಅವರಿಗೆ ದುಡ್ಡು ಕೊಟ್ಟು, ಆಮೇಲೆ ವಸೂಲಿಗೆ ನನ್ನ ಮೇಲೆ ಬರಬಹುದು. ಹಾಗೆ ಬರುವುದಿಲ್ಲ ಅಂತ ಕಂಪನಿಯಿಂದಲೇ ಬರೆಸಿಕೊಳ್ಳಬೇಕು, ಇಂಗ್ಲಿಷಿನಲ್ಲಿ ವೇವರ್ ಆಫ್ ಸಬ್ರೊಗೇಶನ್ ಅಂತ ಕೇಳಿ. ಜೊತೆಗೆ ಪಾಠ ಹೇಳುವುದನ್ನೂ ಒಳಗೊಂಡ ಸ್ವಂತ ಪಾಲಿಸಿ ಇಟ್ಟುಕೊಳ್ಳಿ. ಏನಾದರೂ ಆದಾಗ ತನಿಖೆಯವರು ಮೊದಲು ತಿರುಗಿ ನೋಡುವುದು ಇನ್‌ಸ್ಟ್ರಕ್ಟರ್ ಕೂರುವ ಬಲಗಡೆ ಸೀಟಿನ ಕಡೆಗೇ.

ತೆರಿಗೆ ಮೂರು ತಿಂಗಳಿಗೊಮ್ಮೆ ಅಂದಾಜು ಮಾಡಿ ನಾವೇ ಕಟ್ಟಬೇಕು. ಸ್ವಯಂ ಉದ್ಯೋಗದ ತೆರಿಗೆ 15.3 ಪರ್ಸೆಂಟ್ ಅಂತ ಹೆದರಬೇಡಿ. ಕಂಪನಿಯ ಸಂಬಳವೇ ಸೋಷಿಯಲ್ ಸೆಕ್ಯುರಿಟಿ, ಅಂದರೆ ಸರ್ಕಾರಿ ಪಿಂಚಣಿಯ, ಮಿತಿ ದಾಟಿದ್ದರೆ ಅದರಲ್ಲಿ 12.4ರ ಭಾಗ ಬೀಳುವುದಿಲ್ಲ, ವಯಸ್ಸಾದವರ ಆರೋಗ್ಯ ವಿಮೆಯಾದ ಮೆಡಿಕೇರ್ ಭಾಗ ಮಾತ್ರ.

ಮೂರಕ್ಕೂ ಅನ್ವಯಿಸುವ ಒಂದು ವಿಷಯ ಸರ್ಟಿಫಿಕೇಟನ್ನು ಜೀವಂತ ಇಡುವುದು. 2024ರ ಡಿಸೆಂಬರಿನಿಂದ ಹೊಸ ಕಾರ್ಡಿನ ಮೇಲೆ ಮುಕ್ತಾಯದ ದಿನಾಂಕ ಅಚ್ಚಾಗುವುದಿಲ್ಲ, ಆದರೆ 24 ತಿಂಗಳಿಗೊಮ್ಮೆ ನವೀಕರಿಸಿಕೊಳ್ಳಬೇಕು ಅನ್ನುವ ಷರತ್ತು ಹಾಗೇ ಇದೆ. ಅಷ್ಟರಲ್ಲಿ ಐದು ಜನರನ್ನು ಪರೀಕ್ಷೆಗೆ ಕಳಿಸಿ ನೂರಕ್ಕೆ ಎಂಬತ್ತು ಭಾಗ ಮೊದಲ ಸಲಕ್ಕೇ ಪಾಸಾದರೆ ಒಂದು ದಾರಿ. ಶಾಲೆಯ ಹುಡುಗರಿಗೆ ಅದು ಸಲೀಸು. ನಮ್ಮಂಥವರಿಗೆ ಆನ್‌ಲೈನ್ ರಿಫ್ರೆಶರ್ ಕೋರ್ಸೇ ಗತಿ. ಕಾರ್ಡಿನ ಮೇಲೆ ದಿನಾಂಕ ಇಲ್ಲದ್ದರಿಂದ ಫೋನಿನಲ್ಲಿ ಜ್ಞಾಪಕ ಹಾಕಿಟ್ಟುಕೊಳ್ಳಿ.

ಬೆಂಗಳೂರಿಗೆ ವಾಪಸ್ ಹೋಗಿ ಜಕ್ಕೂರಿನಲ್ಲಿ ಹೀಗೇ ಮಾಡಬಹುದಾ ಅಂತಲೂ ಕೇಳುತ್ತಾರೆ. ಅಲ್ಲಿ ಭಾರತದ ವಿಮಾನಯಾನ ಇಲಾಖೆ ಡಿಜಿಸಿಎ ಕೊಡುವ ಇನ್‌ಸ್ಟ್ರಕ್ಟರ್ ರೇಟಿಂಗ್ ಬೇರೆಯೇ, ಕಲಿಸುವುದೂ ಮಾನ್ಯತೆ ಇರುವ ತರಬೇತಿ ಸಂಸ್ಥೆಯ ಒಳಗೆ. ಹ್ಯಾಂಗರಿನಿಂದ ಹ್ಯಾಂಗರಿಗೆ ಓಡಾಡುವ ಸ್ವತಂತ್ರ ಮೇಷ್ಟ್ರ ವ್ಯವಸ್ಥೆ ಅಮೆರಿಕದ್ದು.

ಈಗ ನನ್ನದು ಕ್ಲಬ್ಬೇ ಮುಖ್ಯ, ಪರಿಚಯದ ಇಬ್ಬರು ಮೂವರು ಮಾಲೀಕರು ಪಕ್ಕಕ್ಕೆ. ಸಿಎಫ್‌ಐ ಆಗಿ ಇನ್ನೂ ವರ್ಷವಾಗಿಲ್ಲ ಅನ್ನುವವರಿಗೆ ಮಾತ್ರ ಶಾಲೆಗೇ ಹೋಗಿ ಅನ್ನುತ್ತೇನೆ, ಕಡಿಮೆ ಸಂಬಳ ಗೊತ್ತಿದ್ದೂ. ಏರ್‌ಲೈನ್‌ಗಳು ಜೋರಾಗಿ ನೇಮಕ ಮಾಡಿಕೊಳ್ಳುತ್ತಿರುವ ಕಾಲ ನೋಡಿ ಅರ್ಜಿ ಹಾಕಿ. ಹುಡುಗರು ಖಾಲಿಯಾಗಿ ಶಾಲೆಗಳು ವಾರಾಂತ್ಯದವರನ್ನೂ ಕರೆದು ಕೂರಿಸುವುದು ಆಗಲೇ. ಸಂದರ್ಶನದಲ್ಲಿ ಮೂರು ಕೇಳಿ: ನೆಲದ ಮೇಲಿನ ಪಾಠಕ್ಕೂ ದುಡ್ಡು ಕೊಡುತ್ತೀರಾ, ವಿದ್ಯಾರ್ಥಿ ಬಾರದಿದ್ದರೆ ರದ್ದತಿ ಶುಲ್ಕದಲ್ಲಿ ನನ್ನ ಪಾಲೆಷ್ಟು, ಮತ್ತೆ ನಿಮ್ಮ ಪಾಲಿಸಿಯಲ್ಲಿ ಇನ್‌ಸ್ಟ್ರಕ್ಟರಿನ ಹೆಸರಿರುವ ಪುಟ ತೋರಿಸುತ್ತೀರಾ. ಮೂರನೆಯದಕ್ಕೆ "ಆಮೇಲೆ ಕಳಿಸ್ತೀವಿ" ಅಂದರೆ ಪುಟ ಬರುವವರೆಗೆ ಹಾರಬೇಡಿ.