ಸೂಕ್ಷ್ಮ ಚರ್ಮದವರಿಗೆ ಡಿಯೋ ಬದಲು ಪಟಿಕ: ನನ್ನ ರಿವ್ಯೂ

ಡಿಯೋ ಹೊಡೆದ ಕೂಡಲೇ ಕಂಕುಳು ಉರಿಯುತ್ತೆ, ಸಂಜೆ ಹೊತ್ತಿಗೆ ಕೆಂಪಗಾಗಿ ನವೆ ಶುರುವಾಗುತ್ತೆ ಅನ್ನುವವರಿಗೆ ಇದು. ನನ್ನದೂ ಅಂಥದೇ ಚರ್ಮ. ಈಗ ಬಳಸುತ್ತಿರುವುದು ಗ್ರಂಥಿಗೆ ಅಂಗಡಿಯ ಪಟಿಕ. ಕಟಿಂಗ್ ಶಾಪಿನಲ್ಲಿ ಶೇವಿಂಗ್ ಆದಮೇಲೆ ಕೆನ್ನೆಗೆ ಉಜ್ಜುತ್ತಾರಲ್ಲ, ಅದೇ ಕಲ್ಲು.

ಒಡೆದ ತುಂಡಾದರೆ ಅಂಚು ಚೂಪಾಗಿರುತ್ತದೆ, ಮೊದಲು ಒದ್ದೆ ನೆಲದ ಮೇಲೆ ತಿಕ್ಕಿ ನುಣ್ಣಗೆ ಮಾಡಿಕೊಳ್ಳಿ. ಸ್ನಾನ ಆದಮೇಲೆ ನೀರಲ್ಲಿ ಅದ್ದಿ ಕಂಕುಳಿಗೆ ಸವರಿ, ಆರಲು ಬಿಟ್ಟರೆ ಆಯ್ತು. ಪರಿಮಳ ಇಲ್ಲ, ಅಂಟೂ ಇಲ್ಲ. ಬೆವರಿಗೆ ತಾನಾಗಿಯೇ ಅಷ್ಟು ನಾತ ಇರುವುದಿಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗಲೇ ನಾತ ಬರುವುದು. ಆ ಬ್ಯಾಕ್ಟೀರಿಯಾ ಬೆಳೆಯದಂತೆ ಪಟಿಕ ತಡೆಯುತ್ತದೆ. ಅಂಗಿ ಮಾತ್ರ ಒದ್ದೆಯಾಗುತ್ತದೆ, ಅದನ್ನು ಇದು ನಿಲ್ಲಿಸಲ್ಲ.

ಬೆವರೇ ಕಮ್ಮಿ ಆಗಬೇಕಾದರೆ ಆಂಟಿಪರ್ಸ್ಪಿರಂಟ್ ಬೇಕು. ಅದರಲ್ಲಿನ ಅಲ್ಯೂಮಿನಿಯಂ ಲವಣ ಬೆವರಿನ ನಾಳಕ್ಕೆ ಅಡ್ಡ ಕೂರುತ್ತದೆ. ರಾತ್ರಿ ಮಲಗುವ ಮುಂಚೆ, ಚೆನ್ನಾಗಿ ಒಣಗಿದ ಕಂಕುಳಿಗೆ ಹಚ್ಚಿ. ಸ್ಪ್ರೇಗಿಂತ ರೋಲ್-ಆನ್ ವಾಸಿ, ಅದರಲ್ಲೂ ಆಲ್ಕೋಹಾಲ್ ಇಲ್ಲದ್ದು. ದಯವಿಟ್ಟು ಡಬ್ಬಿಯ ಹಿಂಭಾಗ ಓದಿ. ಮುಂದೆ ದೊಡ್ಡದಾಗಿ ಸೆನ್ಸಿಟಿವ್ ಸ್ಕಿನ್ ಅಂತ ಇದ್ದರೂ ಹಿಂದೆ ಸಣ್ಣಕ್ಷರದಲ್ಲಿ ಪರ್ಫ್ಯೂಮ್ ಅಥವಾ ಫ್ರಾಗ್ರೆನ್ಸ್ ಅಂತ ಕಂಡರೆ ವಾಪಸ್ ಇಡಿ, ಯಾಕಂದ್ರೆ ಕಂಕುಳಿನ ಅಲರ್ಜಿಗೆ ಬಹಳ ಸಲ ಕಾರಣ ಆ ಪರಿಮಳವೇ. ನ್ಯಾಚುರಲ್ ಅಂದ ಮಾತ್ರಕ್ಕೆ ನಂಬಬೇಡಿ. ಲ್ಯಾವೆಂಡರ್, ಟೀ ಟ್ರೀ ಎಣ್ಣೆಗಳೂ ಕೆಲವರಿಗೆ ಆಗಲ್ಲ. ಅಡುಗೆ ಸೋಡಾ ಹಾಕಿದ್ದಂತೂ ನಮ್ಮಂಥವರಿಗೆ ಬೇಡವೇ ಬೇಡ, ಚರ್ಮ ಸ್ವಲ್ಪ ಆಮ್ಲೀಯ, ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5, ಸೋಡಾ 8ಕ್ಕಿಂತ ಜಾಸ್ತಿ, ಅಂದರೆ ಕ್ಷಾರ, ಉರಿಯದೇ ಇರುತ್ತಾ?

ಚಂದದ ಡಬ್ಬಿಯಲ್ಲಿ ಕ್ರಿಸ್ಟಲ್ ಡಿಯೋ ಅಂತ ಮಾರುವುದೂ ಹೆಚ್ಚಾಗಿ ಪಟಿಕವನ್ನೇ, ಸುಮ್ನೆ ಜಾಸ್ತಿ ದುಡ್ಡು. ಪಟಿಕದಲ್ಲೂ ಅಲ್ಯೂಮಿನಿಯಂ ಇದೆ, ಅದು ಆಗದವರು ಇದನ್ನೂ ಬಿಡಬೇಕು. ಏನೇ ತಂದರೂ ಮೊದಲು ಮೊಣಕೈ ಒಳಮಡಿಕೆಗೆ ಕೆಲವು ದಿನ ಹಚ್ಚಿ ನೋಡಿ. ಶೇವ್ ಮಾಡಿದ ದಿನ ಯಾವುದೂ ಬೇಡ, ಪಟಿಕವೂ ಚುರುಚುರು ಅನ್ನುತ್ತೆ. ಗುಳ್ಳೆ ಎದ್ದು ಮಾಯದೇ ಹೋದರೆ ಚರ್ಮದ ಡಾಕ್ಟರಿಗೆ ತೋರಿಸಿ. ಕಲ್ಲನ್ನು ಒರೆಸಿಡಿ, ನೀರಲ್ಲಿ ಬಿಟ್ಟರೆ ಕರಗಿಹೋಗುತ್ತದೆ.