ಮುಂಬಾಗಿಲ ದೀಪ: ವೈರಿನದೋ, ಸೋಲಾರೋ?

ಮನೆ ಮುಂದೆ ಹಾಕುವ ದೀಪ ಕೇಳಿದರೆ ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆ ತೋರಿಸುತ್ತಾರೆ: ಗೋಡೆಗೆ ವೈರ್ ಎಳೆದು ಕೂರಿಸುವ ಎಲ್‌ಇಡಿ, ಮತ್ತು ಸೆನ್ಸರ್ ಇರುವ ಸೋಲಾರ್.

ಸೋಲಾರಿನದಕ್ಕೆ ಗೋಡೆ ಒಡೆಯುವ ಕೆಲಸವಿಲ್ಲ. ಬಾಡಿಗೆ ಮನೆಯವರಿಗೆ ಇದೇ ಸರಿ. ಆದರೆ ಬಾಗಿಲ ಮೇಲೆ ಸಜ್ಜಾ ಇರುತ್ತದಲ್ಲ, ಅದರ ಕೆಳಗೆ ಹಾಕಿದರೆ ಪ್ಯಾನೆಲ್‌ಗೆ ಸರಿಯಾಗಿ ಬಿಸಿಲೇ ತಾಗುವುದಿಲ್ಲ. ಪ್ಯಾನೆಲ್ ಬೇರೆ, ದೀಪ ಬೇರೆ ಇರುವುದನ್ನೇ ಕೇಳಿ. ಮಲೆನಾಡು, ಕರಾವಳಿಯಲ್ಲಂತೂ ಆಷಾಢದ ಮೋಡಕ್ಕೆ ಚಾರ್ಜ್ ಸಾಲದೆ ಬೆಳಗಾಗುವ ಮೊದಲೇ ಮಂಕಾಗುತ್ತದೆ.

ವೈರಿನದಕ್ಕೆ ಆ ಚಿಂತೆಯಿಲ್ಲ. ಕರೆಂಟ್ ಹೋದಾಗ ಕತ್ತಲೆ, ಯುಪಿಎಸ್ ಲೈನಿಗೆ ಕೊಟ್ಟರೆ ಅದೂ ಇಲ್ಲ. 9 ವ್ಯಾಟ್ ದೀಪ ದಿನಕ್ಕೆ 10 ಗಂಟೆ ಉರಿದರೂ ತಿಂಗಳಿಗೆ 3 ಯೂನಿಟ್ ದಾಟದು. ಸ್ವಂತ ಮನೆಯಾದರೆ ನನ್ನ ಓಟು ಇದಕ್ಕೇ.

ಯಾವುದನ್ನೇ ಕೊಂಡರೂ ಬೆಳಕಿನ ಬಣ್ಣ ನೋಡಿ. 6500 ಕೆಲ್ವಿನ್‌ನ ಬಿಳಿ ಬೆಳಕು ಕಣ್ಣಿಗೆ ಚುಚ್ಚುತ್ತದೆ, ಮಳೆಗಾಲದಲ್ಲಿ ಹುಳುಗಳೂ ಹೆಚ್ಚು ಮುತ್ತುತ್ತವೆ. 2700–3000ರ ಹಳದಿ ಛಾಯೆ ಹಿತ. ದೀಪ ನೆತ್ತಿಯ ಮೇಲೆ ಬೇಡ. ಬಾಗಿಲ ಪಕ್ಕ, ಬೀಗದ ಕಡೆಗೆ ಇರಲಿ. ಮೇಲಿದ್ದರೆ ಬಗ್ಗಿದಾಗ ನಮ್ಮದೇ ತಲೆಯ ನೆರಳು ಬೀಗದ ಮೇಲೆ ಬೀಳುತ್ತದೆ, ಬಂದವರ ಮುಖವೂ ಸರಿಯಾಗಿ ಕಾಣದು. ಎರಚಲು ಬಡಿಯುವ ಜಾಗಕ್ಕೆ ಐಪಿ65 (ನೀರು, ಧೂಳು ಒಳಹೋಗದಂತೆ ತಡೆಯುವ ಮಟ್ಟದ ಗುರುತು) ಬೇಕು, ಆಳವಾದ ಸಜ್ಜಾ ಕೆಳಗೆ ಐಪಿ44 ಸಾಕು. ಸಮುದ್ರ ಹತ್ತಿರವಿದ್ದರೆ ಕಬ್ಬಿಣದ ಫಿಟಿಂಗ್ ಬೇಗ ತುಕ್ಕು ಹಿಡಿಯುತ್ತದೆ, ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್‌ನದು ತೆಗೆದುಕೊಳ್ಳಿ.